ಕೂಡಿ ಕಲಿಯುವ ಶಾಲೆಗಾಗಿ ದುಡಿದ ತಂದೆತಾಯಂದಿರು



ಸರ್ಕಾರಿ ಎಂಜಿನಿಯರನಾಗಿ ನಾನು ಬರೆದ ಅಂದಾಜುಪಟ್ಟಿಗಳಿಗೆ ಲೆಕ್ಕವಿಲ್ಲ. ಪ್ರತಿಯೊಂದರ ಮೊದಲ ಪುಟದಲ್ಲೂ ಇರುತ್ತಿದ್ದ ಪ್ರಶ್ನೆ ಒಂದೇ: ಇದಕ್ಕೆ ಬೇಡಿಕೆ ಎಷ್ಟಿದೆ? ಈ ಪ್ರಶ್ನೆಯನ್ನೇ ಎದುರಿಸಿ ಶಾಲೆ ಕಟ್ಟಿದ ತಂದೆತಾಯಂದಿರ ಸಂಗತಿಯನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಇದು ಉತ್ತರ ಐರ್ಲೆಂಡಿನ ಸಂಗತಿ. ಅಲ್ಲಿನ ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ಕ್ರೈಸ್ತರೇ. ಆಡುವ ಭಾಷೆ ಒಂದು, ಸಂತೆ ಒಂದು, ಸುರಿಯುವ ಮಳೆಯೂ ಒಂದು. ಆದರೆ ಶಾಲೆ ಮಾತ್ರ ಬೇರೆ. ಪ್ರೊಟೆಸ್ಟಂಟರ ಮಕ್ಕಳು ಹೆಚ್ಚಾಗಿ ಸರ್ಕಾರಿ ಶಾಲೆಗೆ, ಕ್ಯಾಥೊಲಿಕರ ಮಕ್ಕಳು ತಮ್ಮ ಚರ್ಚಿನ ಶಾಲೆಗೆ ಹೋಗುತ್ತಾರೆ. ನೆರೆಮನೆಯ ಹುಡುಗನ ಹೆಸರೇ ತಿಳಿಯದೆ ಬೆಳೆದವರು ಮುಂದೆ ಅವನನ್ನು ಶತ್ರುವೆಂದು ನಂಬುವುದು ಕಷ್ಟವಲ್ಲ. 1960ರ ದಶಕದ ಕೊನೆಯಿಂದ ಮೂರು ದಶಕಗಳ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಶಾಲೆಗಳು ಬೇರೆಯಾಗಿದ್ದದ್ದೇ ಇದಕ್ಕೆ ಕಾರಣವೆಂದು ಯಾರೂ ಹೇಳಲಾರರು. ಆದರೆ ಮಕ್ಕಳು ಕೂಡುವ ಜಾಗವೇ ಇಲ್ಲದ ಊರಿನಲ್ಲಿ ವೈರ ಆರುವುದಾದರೂ ಎಲ್ಲಿ?

1970ರ ದಶಕದಲ್ಲಿ ಕೆಲವು ತಂದೆತಾಯಂದಿರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1978ರಲ್ಲಿ ಬಂದ ಒಂದು ಕಾನೂನು, ಇರುವ ಶಾಲೆಗಳು ಇಚ್ಛಿಸಿದರೆ ಎಲ್ಲ ಸಮುದಾಯಗಳ ಕೂಡುಶಾಲೆಗಳಾಗಬಹುದು ಎಂದಿತು. ಮುಂದೆ ಬಂದವರಿಲ್ಲ. ಕಾನೂನು ಪುಸ್ತಕದಲ್ಲೇ ಉಳಿಯಿತು. ಆಗ ಆ ಪಾಲಕರು ತಾವೇ ಶಾಲೆ ತೆರೆದರು. 1981ರ ಸೆಪ್ಟೆಂಬರಿನಲ್ಲಿ, ಬೆಲ್‌ಫಾಸ್ಟಿನ ಅಂಚಿನಲ್ಲಿ, ಸ್ಕೌಟ್ ಸಭಾಂಗಣವೊಂದರಲ್ಲಿ, 28 ಮಕ್ಕಳೊಂದಿಗೆ ಲ್ಯಾಗನ್ ಕಾಲೇಜು ಶುರುವಾಯಿತು. ಹೆಸರು ಕಾಲೇಜು ಎಂದಿದ್ದರೂ ಅದು ಹನ್ನೊಂದು ವರ್ಷ ದಾಟಿದ ಮಕ್ಕಳ ಪ್ರೌಢಶಾಲೆ. ಅದೇ ವರ್ಷ ಜೈಲಿನಲ್ಲಿ ಹತ್ತು ಕೈದಿಗಳು ಉಪವಾಸದಿಂದ ಸತ್ತು, ಬೀದಿಬೀದಿಗಳಲ್ಲಿ ಬೆಂಕಿ ಎದ್ದಿತ್ತು. ಅಂಥ ವರ್ಷದಲ್ಲಿ ಮಗುವನ್ನು ಆ ಶಾಲೆಗೆ ಕಳಿಸಿದ ತಾಯಿಯ ಎದೆಗಾರಿಕೆಯನ್ನು ಯಾವ ಅಂದಾಜುಪಟ್ಟಿಯಲ್ಲಿ ಬರೆಯುವುದು? ಸರ್ಕಾರದ ಅನುದಾನ ಬಂದದ್ದು 1984ರಲ್ಲಿ. ಇಂಥ ಶಾಲೆಗಳಿಗೆ ಪ್ರೋತ್ಸಾಹ ಕೊಡುವುದು ಇಲಾಖೆಯ ಕರ್ತವ್ಯ ಎಂದು ಕಾನೂನು ಹೇಳಿದ್ದು 1989ರಲ್ಲಿ. ಕೆಲಸ ಮೊದಲು, ಮಂಜೂರಾತಿ ಆಮೇಲೆ!

ಓಮಾ ಎಂಬ ಊರಿನದು ಇನ್ನೂ ಕಣ್ತೆರೆಸುವ ಕಥೆ. ಅಲ್ಲಿನ ಪಾಲಕರು ಶ್ರಮಪಟ್ಟು 1995ರಲ್ಲಿ ಡ್ರಮ್ರಾ ಕಾಲೇಜು ಎಂಬ ಕೂಡು ಪ್ರೌಢಶಾಲೆಯನ್ನು ತೆರೆದರು. ಮೂರು ವರ್ಷಗಳ ನಂತರ, 1998ರ ಆಗಸ್ಟ್ 15ರಂದು, ಅದೇ ಊರಿನ ಪೇಟೆಯಲ್ಲಿ ಸಿಡಿದ ಬಾಂಬು 29 ಜನರನ್ನು ಕೊಂದಿತು. ಸತ್ತವರಲ್ಲಿ ಎರಡೂ ಸಮುದಾಯದವರಿದ್ದರು. ಶಾಲೆ ಮುಚ್ಚಲಿಲ್ಲ, ಬೆಳೆಯಿತು. ಮಕ್ಕಳ ಸಂಖ್ಯೆಯ ಮಿತಿಯನ್ನು 580ರಿಂದ 750ಕ್ಕೆ ಏರಿಸಿ ಎಂದು ಅದು ಕೇಳಿದಾಗ ಸರ್ಕಾರ ಒಪ್ಪಲಿಲ್ಲ. ಪ್ರಕರಣ ಹೈಕೋರ್ಟಿಗೆ ಹೋಗಿ 2014ರಲ್ಲಿ ತೀರ್ಪು ಬಂತು. ಕೂಡುಶಾಲೆಗಳು ಬೆಳೆಯಲು ಜಾಗವನ್ನೇ ಬಿಡದ ಇಲಾಖೆಯ ಲೆಕ್ಕಾಚಾರವನ್ನು ನ್ಯಾಯಾಲಯ ಒಪ್ಪಲಿಲ್ಲ.

ಎಂಜಿನಿಯರನಾಗಿ ನನಗೆ ಈ ತೀರ್ಪು ಬಹಳ ಹಿಡಿಸಿತು. ನಲ್ಲಿಯೇ ಇಲ್ಲದ ಓಣಿಯಲ್ಲಿ ಜನ ದಿನಕ್ಕೆ ಎಷ್ಟು ಕೊಡ ಹೊತ್ತು ತರುತ್ತಾರೆಂದು ಎಣಿಸಿ, ಈ ಓಣಿಗೆ ಇಷ್ಟು ನೀರು ಸಾಕು ಎಂದು ಬರೆದರೆ ಅದು ತಪ್ಪು ಲೆಕ್ಕ. ಕೊಳವೆ ಬಂದ ಮೇಲೆ ತಾನೇ ನಿಜವಾದ ಬೇಡಿಕೆ ತಿಳಿಯುವುದು? ಕೂಡಿ ಕಲಿಯುವ ಬಯಕೆಯೂ ಹಾಗೆಯೇ.

ವಿರೋಧಿಸಿದವರ ಮಾತನ್ನೂ ಕೇಳಬೇಕು. ತಮ್ಮನ್ನು ಅನುಮಾನದಿಂದ ನೋಡುತ್ತಿದ್ದ ಆಡಳಿತದಲ್ಲಿ ಕ್ಯಾಥೊಲಿಕರ ನಂಬಿಕೆಯನ್ನೂ ಮಾನವನ್ನೂ ಕಾಪಾಡಿದ್ದು ಅವರ ಶಾಲೆಗಳೇ. ಅದನ್ನು ಬಿಟ್ಟುಕೊಡಿ ಎಂದರೆ ಭಯವಾಗುವುದು ಸಹಜ. ಸುತ್ತಲಿನ ಶಾಲೆಗಳಿಗೂ ಮಕ್ಕಳು ಕಡಿಮೆಯಾಗುವ ಆತಂಕ. ಆದರೆ ಕೂಡುಶಾಲೆಯವರು ಯಾರಿಗೂ ಧರ್ಮ ಬಿಡಿ ಎನ್ನಲಿಲ್ಲ. ಕ್ಯಾಥೊಲಿಕ್ ಮಗು ಕ್ಯಾಥೊಲಿಕನಾಗಿಯೇ, ಪ್ರೊಟೆಸ್ಟಂಟ್ ಮಗು ಪ್ರೊಟೆಸ್ಟಂಟನಾಗಿಯೇ, ಬೇರೆ ಧರ್ಮದ ಮಗುವೂ ಯಾವ ಧರ್ಮವೂ ಇಲ್ಲದ ಮನೆಯ ಮಗುವೂ ತಮ್ಮತಮ್ಮ ಗುರುತಿನೊಂದಿಗೆ ಒಂದೇ ಕೊಠಡಿಯಲ್ಲಿ ಕೂತು ಕಲಿಯಲಿ ಎಂಬುದಷ್ಟೇ ಅವರ ಮಾತು. ತನ್ನ ನಂಬಿಕೆಯನ್ನು ಇನ್ನೊಬ್ಬರ ಎದುರಿಗೆ ಅಂಜದೆ, ಅಹಂಕಾರವಿಲ್ಲದೆ ಹೇಳಬಲ್ಲವನೇ ಅದನ್ನು ಸರಿಯಾಗಿ ಕಲಿತವನು ಎಂದು ನಾನು ತಿಳಿದಿದ್ದೇನೆ.

ನಾಲ್ಕು ದಶಕ ಕಳೆದ ಮೇಲೂ ಅಲ್ಲಿ ಇಂಥ ಶಾಲೆಗಳು ಇರುವುದು ಸುಮಾರು 70. ನೂರು ಮಕ್ಕಳಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳು ಮಾತ್ರ ಅಲ್ಲಿ ಕಲಿಯುತ್ತಾರೆ. ಕೂಡುಶಾಲೆ ಒಳ್ಳೆಯದೇ ಎನ್ನುವವರು ಬಹಳ, ಮಗುವಿನ ಹೆಸರು ಬರೆಸುವವರು ಕಡಿಮೆ. ಕೆಲವರಿಗೆ ಹತ್ತಿರದಲ್ಲಿ ಶಾಲೆಯೇ ಇಲ್ಲ. ಕೆಲವರಿಗೆ ಇನ್ನೂ ಮನಸ್ಸಿಲ್ಲ.

ಸಮಾನತೆಯ ಮಾತನ್ನು ವೇದಿಕೆಯ ಮೇಲಿಂದ ಆಡುವ ನಮಗೂ ಇದು ತಟ್ಟಬೇಕು. ನಮ್ಮ ಮಕ್ಕಳು, ಮೊಮ್ಮಕ್ಕಳು ಯಾರ ಪಕ್ಕದಲ್ಲಿ ಕೂತು ಓದುತ್ತಿದ್ದಾರೆ? ಅವರ ಬುತ್ತಿಯ ತುತ್ತು ಯಾರ ಕೈಗೆ ಹೋಗುತ್ತಿದೆ? ಮಕ್ಕಳನ್ನು ಶಾಲೆಗೆ ಸೇರಿಸುವ ದಿನ ನಾವು ಏನೇನು ವಿಚಾರಿಸುತ್ತೇವೆ? ಪ್ರತಿ ಮನೆಯವರೂ ಇದಕ್ಕೆ ತಮಗೆ ತಾವೇ ಉತ್ತರ ಹೇಳಿಕೊಳ್ಳಬೇಕು. ಲ್ಯಾಗನ್ ಕಾಲೇಜಿನ ಆ 28 ಮಕ್ಕಳ ಮನೆಯವರು ಉತ್ತರ ಹೇಳಿದ್ದು ಭಾಷಣದಲ್ಲಲ್ಲ, ಹಾಜರಿ ಪುಸ್ತಕದಲ್ಲಿ.