ಖಾಸಗಿತನ: ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ದೊರಕಿಸಿಕೊಟ್ಟ ಹಕ್ಕು



ಬೆಟ್ಟಂಪಾಡಿಯ ಕಡೆಯ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ ಒಂದು ಮರ್ಯಾದೆ ಉಂಟು. ಅಂಗಳಕ್ಕೆ ಯಾರೂ ಬರಬಹುದು, ಜಗಲಿಯಲ್ಲಿ ಕುಳಿತು ನೀರು ಕುಡಿಯಬಹುದು. ಒಳಕ್ಕೆ ಬರಬೇಕಾದರೆ ಮನೆಯವರು ಕರೆಯಬೇಕು. ಈ ಮರ್ಯಾದೆ ಸರ್ಕಾರಕ್ಕೂ ಅನ್ವಯಿಸುವುದೇ? ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದ ಮುಂದೆ ತಂದವರಲ್ಲಿ ಮೊದಲಿಗರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

2012ರಲ್ಲಿ ಅವರು ರಿಟ್ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. ಜನರ ಬೆರಳಚ್ಚು ಮತ್ತು ಕಣ್ಣಿನ ಗುರುತುಗಳನ್ನು ಆಧಾರ್ ಯೋಜನೆಗಾಗಿ ಸಂಗ್ರಹಿಸಲಾಗುತ್ತಿತ್ತು. ಆದರೆ ಅದಕ್ಕೆ ಸಂಸತ್ತಿನ ಕಾಯ್ದೆಯ ಆಧಾರವಿರಲಿಲ್ಲ. ಕೇವಲ ಸರ್ಕಾರಿ ಆದೇಶದ ಬಲದಿಂದ ಇದನ್ನು ಮಾಡಬಹುದೇ ಎಂಬುದು ಅವರ ಆಕ್ಷೇಪ. ಕಾಯ್ದೆ ಬಂದದ್ದು 2016ರಲ್ಲಿ.

ವಿಚಾರಣೆಯ ನಡುವೆ, 2015ರಲ್ಲಿ, ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ ವಾದಿಸಿತು. 1954 ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು ಅದಕ್ಕೆ ಆಧಾರವಾಗಿ ತೋರಿಸಿತು. ಅವುಗಳಲ್ಲಿ ಎರಡನೆಯದು ಉತ್ತರಪ್ರದೇಶದ ಖರಕ್ ಸಿಂಗ್ ಎಂಬವರದು. ದರೋಡೆಯ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದ ಅವರ ಮೇಲೆ ಪೊಲೀಸರು ಕಣ್ಣಿಟ್ಟಿದ್ದರು. ರಾತ್ರಿಯ ಹೊತ್ತು ಮನೆಗೆ ಬಂದು ಬಾಗಿಲು ತಟ್ಟುತ್ತಿದ್ದರು. ರಾತ್ರಿಯ ಭೇಟಿಯನ್ನು ನ್ಯಾಯಾಲಯ ಅಂದೇ ರದ್ದುಗೊಳಿಸಿತಾದರೂ ಖಾಸಗಿತನದ ಹಕ್ಕನ್ನು ಬಹುಮತದ ತೀರ್ಪು ಒಪ್ಪಿರಲಿಲ್ಲ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಈ ತೊಡಕನ್ನು ನಿವಾರಿಸಿತು. ಖಾಸಗಿತನವು ಸಂವಿಧಾನದ 21ನೆಯ ವಿಧಿಯು ನೀಡುವ ಜೀವಿಸುವ ಹಾಗೂ ಸ್ವಾತಂತ್ರ್ಯದ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಸಾರಿತು. ಆ ಹಕ್ಕು ಅಮಿತವಾದುದಲ್ಲ; ಆದರೆ ಸರ್ಕಾರವು ಅದರಲ್ಲಿ ಕೈಹಾಕಬೇಕಾದರೆ ಕಾಯ್ದೆ ಇರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಐವರ ಪೀಠವು ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿಯಿತು. ನ್ಯಾಯಮೂರ್ತಿ ಚಂದ್ರಚೂಡರು ಮಾತ್ರ ಭಿನ್ನಮತ ದಾಖಲಿಸಿದರು. ಸರ್ಕಾರದ ಸಹಾಯಧನಕ್ಕೂ ಆದಾಯ ತೆರಿಗೆಯ ಪ್ಯಾನ್ ಜೋಡಣೆಗೂ ಆಧಾರ್ ಕೇಳಬಹುದೆಂದಾಯಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಂಖ್ಯೆಗೂ ಅದನ್ನು ಕಡ್ಡಾಯವಾಗಿ ಜೋಡಿಸಬೇಕೆಂಬ ನಿಯಮ ರದ್ದಾಯಿತು. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ, ಅದಿಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸಕೂಡದು ಎಂದೂ ತೀರ್ಪು ಹೇಳಿತು. 2019ರ ತಿದ್ದುಪಡಿಯ ಪ್ರಕಾರ ಬ್ಯಾಂಕಿನಲ್ಲಿ ಅಥವಾ ಮೊಬೈಲ್ ಸಂಪರ್ಕಕ್ಕೆ ನಾವು ಸ್ವಇಚ್ಛೆಯಿಂದ ಆಧಾರ್ ನೀಡಬಹುದು. ಮಕ್ಕಳು 18 ತುಂಬಿದ ಆರು ತಿಂಗಳೊಳಗೆ ತಮ್ಮ ಆಧಾರ್ ರದ್ದುಪಡಿಸಲು ಅರ್ಜಿ ಸಲ್ಲಿಸಲೂಬಹುದು.

"ತಪ್ಪು ಮಾಡದವರಿಗೆ ಭಯವೇಕೆ? ಸರ್ಕಾರ ನೋಡಿದರೆ ನೋಡಲಿ" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಖರಕ್ ಸಿಂಗರ ಮೇಲಿನ ಆರೋಪಕ್ಕೆ ಸಾಕ್ಷ್ಯವಿರಲಿಲ್ಲ. ಆದರೂ ರಾತ್ರಿ ಅವರ ಬಾಗಿಲು ಸದ್ದು ಮಾಡುತ್ತಿತ್ತು. ನಮ್ಮ ರಾಜ್ಯದಲ್ಲಿಯೇ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಬೇಕಾಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕದ್ದಾಲಿಕೆಯ ಆದೇಶವನ್ನು ಗೃಹ ಕಾರ್ಯದರ್ಶಿಯೇ ನೀಡಬೇಕು, ಒಂದು ಆದೇಶದ ಅವಧಿ ಎರಡು ತಿಂಗಳು, ಒಟ್ಟು ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿ ಇರಬೇಕು ಎಂದು ವಿಧಿಸಿತು. ಕೇಳಿಸಿಕೊಳ್ಳುವವರಿಗೂ ಲಗಾಮು ಬೇಕೆಂಬುದೇ ಇದರ ತಾತ್ಪರ್ಯ. ಅಧಿಕಾರದಲ್ಲಿರುವವರು ಸಜ್ಜನರೇ ಆಗಿರಬಹುದು. ಆದರೆ ನಾಳೆ ಆ ಸ್ಥಾನಕ್ಕೆ ಯಾರು ಬರುವರೆಂದು ಬಲ್ಲವರಾರು?

ಕೆಲಸ ಇನ್ನೂ ಮುಗಿದಿಲ್ಲ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ನಮ್ಮ ಮಾಹಿತಿ ಪಡೆಯುವ ಕಂಪನಿಗಳಿಗೆ ಅದು ಹೊಣೆ ಹೊರಿಸಿದೆ. ಆದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ತಾನು ಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರವು ಅದರ 17ನೆಯ ಕಲಮಿನಲ್ಲಿ ತನ್ನ ಬಳಿ ಇರಿಸಿಕೊಂಡಿದೆ. ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಅಳತೆಗೆ ಆ ವಿನಾಯಿತಿ ಒಗ್ಗುವುದೇ ಎಂಬುದನ್ನು ಪ್ರಜ್ಞಾವಂತರು ವಿಚಾರಿಸಬೇಕು.

ಗೃಹಸ್ಥರು ಮಾಡಬಹುದಾದ ಕೆಲಸಗಳು ಸರಳವಾದವು. ಆಧಾರ್ ಪ್ರತಿ ಕೇಳಿದವರಿಗೆ "ಯಾವ ಕಾರಣಕ್ಕೆ? ಬೇರೆ ದಾಖಲೆ ಆಗದೇ?" ಎಂದು ವಿನಯದಿಂದ ಕೇಳಿರಿ. ಕೊಡುವುದೇ ಆದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಕೊಡಿರಿ. ಬೆರಳಚ್ಚಿನ ದುರುಪಯೋಗ ತಡೆಯಲು ಅದಕ್ಕೆ ಬೀಗ ಹಾಕಿಡುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವೇ ಒದಗಿಸಿದೆ. ಮನೆಯ ಮಕ್ಕಳಿಂದ ಅದನ್ನು ಮಾಡಿಸಿಕೊಳ್ಳಿರಿ.

ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು. ಆ ಇಳಿವಯಸ್ಸಿನಲ್ಲಿ ಅವರು ಕೇಳಿದ ಪ್ರಶ್ನೆಯನ್ನು ನಾವು ನಮ್ಮ ಜಗಲಿಯಲ್ಲಿ ನಿಂತು ಕೇಳಲು ಹಿಂಜರಿಯಬಾರದು. ಹಕ್ಕನ್ನು ನ್ಯಾಯಾಲಯ ಘೋಷಿಸಬಹುದು. ಅದನ್ನು ಬಳಕೆಯಲ್ಲಿ ಉಳಿಸಬೇಕಾದವರು ನಾವು.