ಟೆನ್ನಿಸ್ ಏಣಿಗೆ ನಡುವಿನ ಮೆಟ್ಟಿಲುಗಳೆಲ್ಲಿ?

ವಿಂಬಲ್ಡನ್ ಪಂದ್ಯಗಳು ನಡೆಯುವ ಎರಡು ವಾರ ನಮ್ಮಲ್ಲಿ ಪ್ರತಿ ವರ್ಷವೂ ಕೇಳಿಬರುವ ಮಾತೊಂದಿದೆ. ಇಷ್ಟು ಕೋಟಿ ಜನರಿರುವ ದೇಶದಲ್ಲಿ ಸಿಂಗಲ್ಸ್ ಗೆಲ್ಲಬಲ್ಲವನೊಬ್ಬ ಹುಟ್ಟಲಿಲ್ಲವೇ ಎಂದು. ಹುಟ್ಟಲಿಲ್ಲವೆನ್ನುವುದು ಸರಿಯಲ್ಲ. ರಾಮನಾಥನ್ ಕೃಷ್ಣನ್ 1954ರಲ್ಲಿ ವಿಂಬಲ್ಡನಿನ ಕಿರಿಯರ ಪ್ರಶಸ್ತಿ ಗೆದ್ದರು. 1979ರಲ್ಲಿ ಅವರ ಮಗ ರಮೇಶ್ ಅದನ್ನೇ ಗೆದ್ದರು, 1990ರಲ್ಲಿ ಲಿಯಾಂಡರ್ ಪೇಸ್ ಗೆದ್ದರು. 2009ರಲ್ಲಿ ಯೂಕಿ ಭಾಂಬ್ರಿ ಆಸ್ಟ್ರೇಲಿಯದಲ್ಲಿ ಕಿರಿಯರ ಚಾಂಪಿಯನ್ ಆದರು. ಹದಿನೆಂಟರೊಳಗೆ ಪರದೇಶದ ಹುಡುಗರನ್ನೆಲ್ಲ ಸೋಲಿಸಿದವರು ಇವರು. ಹದಿನೆಂಟು ದಾಟಿದ ಮೇಲೆ ನಮ್ಮ ಹುಡುಗರಿಗೆ ಏನಾಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಹಿಂದೆ ಪರಿಸ್ಥಿತಿ ಇಷ್ಟು ಕಠಿಣವಾಗಿರಲಿಲ್ಲ. 1974ರ ತನಕ ನಾಲ್ಕು ದೊಡ್ಡ ಸ್ಪರ್ಧೆಗಳಲ್ಲಿ ಮೂರು ಹುಲ್ಲಿನ ಅಂಕಣದಲ್ಲೇ ನಡೆಯುತ್ತಿದ್ದವು. ಬ್ರಿಟಿಷರು ಬಿಟ್ಟುಹೋದ ಕ್ಲಬ್ಬುಗಳ ಹುಲ್ಲಿನಲ್ಲಿ ಆಡಿ ಬೆಳೆದ ನಮ್ಮವರ ನಯವಾದ ಕೈಚಳಕಕ್ಕೆ ಅಲ್ಲಿ ಬೆಲೆಯಿತ್ತು. ಹಿರಿಯ ಕೃಷ್ಣನ್ 1960ರಲ್ಲಿಯೂ 1961ರಲ್ಲಿಯೂ ವಿಂಬಲ್ಡನಿನ ಸೆಮಿಫೈನಲ್ ತಲುಪಿದ್ದರು. ಈಗ ಹುಲ್ಲು ಉಳಿದಿರುವುದು ವಿಂಬಲ್ಡನ್ ಒಂದರಲ್ಲಿ. ಉಳಿದೆಡೆ ಗಟ್ಟಿ ನೆಲ ಅಥವಾ ಮಣ್ಣು, ಮತ್ತು ಐದು ಸೆಟ್ ಬಡಿದಾಡಬಲ್ಲ ಮೈಕಟ್ಟು. 1987ರ ಅಮೆರಿಕನ್ ಓಪನಿನಲ್ಲಿ ರಮೇಶ್ ಕ್ವಾರ್ಟರ್ ಫೈನಲ್ ತಲುಪಿದ ಮೇಲೆ ಈ ನಾಲ್ಕು ಸ್ಪರ್ಧೆಗಳ ಸಿಂಗಲ್ಸ್‌ನಲ್ಲಿ ಆ ಘಟ್ಟ ಕಂಡ ಭಾರತೀಯರಿಲ್ಲ.

ಆದರೂ ನೆಲ, ಮೈಕಟ್ಟುಗಳಿಗಿಂತ ದೊಡ್ಡ ಅಡ್ಡಿ ಬೇರೆಯೇ ಇದೆ. ದೊಡ್ಡ ಸ್ಪರ್ಧೆಗಳಿಗೆ ನೇರ ಪ್ರವೇಶ ಸಿಗುವುದು ಸುಮಾರಾಗಿ ಜಗತ್ತಿನ ಮೊದಲ ನೂರು ಮಂದಿಗೆ. ಆ ನೂರರೊಳಗೆ ಸೇರಲು ಸಣ್ಣ ಕೂಟಗಳಲ್ಲಿ ವಾರವಾರವೂ ಆಡಿ ಅಂಕ ಕೂಡಿಸಬೇಕು. ತೀರ ಕೆಳಗಿನ ಕೂಟದ ಒಟ್ಟು ಬಹುಮಾನವೇ 15 ಸಾವಿರ ಡಾಲರು. ಅದನ್ನು ಹಂಚಿದಾಗ ಮೊದಲ ಸುತ್ತಿನಲ್ಲಿ ಸೋತವನ ಪಾಲಿಗೆ ಬರುವ ಹಣ ವಿಮಾನದ ಟಿಕೇಟಿಗೂ ಸಾಲದು. ಮುಂದಿನ ವಾರ ಇನ್ನೊಂದು ದೇಶ, ಇನ್ನೊಂದು ಟಿಕೇಟು. ಹೀಗೆ ಮೂರು ನಾಲ್ಕು ವರ್ಷ.

ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂಬಳೆಯ ಪಾರ್ತಿಸುಬ್ಬನ ನೆಲದವರು ನಾವು. ಕೋಡಂಗಿಯಾಗಿ ರಂಗ ಹತ್ತಿದ ಹುಡುಗ ಬಾಲಗೋಪಾಲ, ಪುಂಡುವೇಷ ಎಂದು ಮೇಲೇರುವುದು ಮೇಳದ ತಿರುಗಾಟದಲ್ಲಿ, ರಾತ್ರಿಯ ಮೇಲೆ ರಾತ್ರಿ ನಿದ್ದೆಗೆಟ್ಟು. ನಾಟ್ಯ ಕಲಿಸಿ, ಗೆಜ್ಜೆ ಕಟ್ಟಿಸಿ, ಮೇಳ ಮಾತ್ರ ಇನ್ನೊಂದು ಖಂಡದಲ್ಲಿದೆ ಎಂದರೆ ಎಷ್ಟು ಮಂದಿ ಕಲಾವಿದರಾದಾರು?

ಹರಿಯಾಣದ ಹಳ್ಳಿಯೊಂದರ ಸುಮಿತ್ ನಾಗಲ್ ಅವರ ಕಥೆ ನೋಡಿ. ತಂದೆ ಶಾಲಾ ಮಾಸ್ತರರು. (ಮಾಸ್ತರರ ಸಂಬಳದ ವಿಚಾರ ನಾನು ಹೇಳದಿರುವುದೇ ಲೇಸು.) ದೇಶದ ಮೊದಲನೆಯ ಸಿಂಗಲ್ಸ್ ಆಟಗಾರನಾಗಿದ್ದಾಗಲೇ, 2023ರ ಸೆಪ್ಟೆಂಬರಿನಲ್ಲಿ, ತನ್ನ ಬ್ಯಾಂಕ್ ಖಾತೆಯಲ್ಲಿರುವುದು ಸುಮಾರು 900 ಯೂರೋ ಮಾತ್ರವೆಂದು ಅವರು ಪತ್ರಕರ್ತರಿಗೆ ಹೇಳಿದರು. ನಾಲ್ಕು ತಿಂಗಳು ಕಳೆದು ಆಸ್ಟ್ರೇಲಿಯನ್ ಓಪನಿನಲ್ಲಿ ಶ್ರೇಯಾಂಕಿತ ಅಲೆಕ್ಸಾಂಡರ್ ಬುಬ್ಲಿಕರನ್ನು ಸೋಲಿಸಿ ಎರಡನೇ ಸುತ್ತು ತಲುಪಿದಾಗ ಕೈಗೆ ಬಂದದ್ದು 1,80,000 ಆಸ್ಟ್ರೇಲಿಯನ್ ಡಾಲರು. ಅದೇ ವರ್ಷ ಜುಲೈಯಲ್ಲಿ 68ನೆಯ ಸ್ಥಾನಕ್ಕೇರಿದರು. ಆ 900 ಯೂರೋ ಮುಗಿದು ಊರಿಗೆ ಮರಳಿದ್ದರೆ ನಾವು ಅವರ ಹೆಸರು ಕೂಡ ಕೇಳುತ್ತಿರಲಿಲ್ಲ. ಹಾಗೆ ಮರಳಿದವರ ಹೆಸರುಗಳನ್ನು ನಾವು ಕೇಳಿಯೂ ಇಲ್ಲ.

ಹಾಗಾದರೆ ಹಣ ಸುರಿದರೆ ಸಾಕೇ? ಸಾಲದು. ವಿಂಬಲ್ಡನಿನ ಸಂಪತ್ತೆಲ್ಲ ಕೈಯಲ್ಲಿದ್ದ ಬ್ರಿಟನ್, 1936ರಲ್ಲಿ ಫ್ರೆಡ್ ಪೆರಿ ಗೆದ್ದ ಮೇಲೆ ಪುರುಷರ ಸಿಂಗಲ್ಸ್‌ಗಾಗಿ 2013ರ ತನಕ, ಎಪ್ಪತ್ತೇಳು ವರ್ಷ ಕಾಯಿತು. ಗೆದ್ದ ಆಂಡಿ ಮರ್ರೆಯೂ ಹದಿನೈದರಲ್ಲೇ ಬಾರ್ಸಿಲೋನಾಕ್ಕೆ ಹೋಗಿ ಕಲಿತವರು. ಅಲ್ಲಿ ಸರಿಸಮಾನ ಎದುರಾಳಿಗಳು ದಿನವೂ ಸಿಗುತ್ತಿದ್ದರು.

ಇಟಲಿ ಹಿಡಿದ ದಾರಿ ನೋಡಿ. ಚಾಲೆಂಜರ್ ಎಂಬ ಮಧ್ಯಮ ದರ್ಜೆಯ ಕೂಟಗಳನ್ನು ತನ್ನ ಊರೂರಿನಲ್ಲಿ ಸಾಲಾಗಿ ನಡೆಸಿತು. ಯಾನಿಕ್ ಸಿನ್ನರನ ತಂದೆ ಅಡುಗೆಯವರು, ತಾಯಿ ಬಡಿಸುವವರು. 2019ರಲ್ಲಿ ಬೆರ್ಗಮೋ ಊರಿನ ಚಾಲೆಂಜರಿನಲ್ಲಿ, ಹೆಸರಿಲ್ಲದ ಹದಿನೇಳರ ಆ ಹುಡುಗನಿಗೆ ಸಂಘಟಕರು ವಿಶೇಷ ಪ್ರವೇಶ ಕೊಟ್ಟರು. ಆತ ಪ್ರಶಸ್ತಿಯನ್ನೇ ಗೆದ್ದ. 2024ರಲ್ಲಿ ಜಗತ್ತಿನ ಮೊದಲಿಗನಾದ. 2023ರಿಂದ 2025ರ ತನಕ ಮೂರು ವರ್ಷವೂ ಡೇವಿಸ್ ಕಪ್ ಇಟಲಿಗೇ ಹೋಯಿತು.

ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. 1996ರಲ್ಲಿ ದಿಲ್ಲಿಯಲ್ಲಿ ಆರಂಭಿಸಿ, ಮರುವರ್ಷ ಚೆನ್ನೈಗೆ ಒಯ್ದು, 2018ರಲ್ಲಿ ಪುಣೆಗೆ ಸಾಗಿಸಿ, 2023ರ ಬಳಿಕ ಕಳೆದುಕೊಂಡ ಒಂದು ದೊಡ್ಡ ಪುರುಷರ ಕೂಟ ನಮ್ಮದಾಗಿತ್ತು. ಹೊರದೇಶದ ತಾರೆಗಳು ಬಂದರು, ಆಡಿದರು, ಹೋದರು. ನಮ್ಮ ಹುಡುಗರಿಗೆ ಸಿಕ್ಕಿದ್ದು ವರ್ಷಕ್ಕೊಂದು ವಾರ. ಚಾಲೆಂಜರುಗಳು ಈಗಲೂ ಬೆಂಗಳೂರು, ಚೆನ್ನೈಗಳಲ್ಲಿ ನಡೆಯುವುದುಂಟು, ಆದರೆ ವರ್ಷಾರಂಭದ ಕೆಲವೇ ವಾರ. ಉಳಿದ ತಿಂಗಳುಗಳಲ್ಲಿ ಹುಡುಗ ಎಲ್ಲಿಗೆ ಹೋಗಬೇಕು?

ನಮ್ಮವರು ಡಬಲ್ಸ್‌ಗೆ ಸರಿದುದರ ಹಿಂದೆಯೂ ಈ ಲೆಕ್ಕ ಸ್ವಲ್ಪ ಇದೆ. ನಮ್ಮ ಪಾಣತ್ತೂರಿನ ಆಚೆ ಘಟ್ಟ ಹತ್ತಿದರೆ ಸಿಗುವ ಕೊಡಗಿನವರಾದ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ನಲವತ್ತಮೂರರ ಹರೆಯದಲ್ಲಿ, ಡಬಲ್ಸ್‌ನಲ್ಲಿ ವಿಶ್ವದ ಮೊದಲಿಗರಾದರು. ಆ ಛಲಕ್ಕೆ ಕೈ ಮುಗಿಯಬೇಕು. ಆದರೆ ಅವರು ಕೂಡ ಆಟಕ್ಕಾಗಿ ಕಾಫಿ ತೋಟದ ಊರು ಬಿಟ್ಟು ಎಳವೆಯಲ್ಲೇ ಪುಣೆ ಸೇರಬೇಕಾಯಿತು.

ಗಡಿನಾಡಿನ ಹೆತ್ತವರು ಪುಕ್ಕಲರು, ಮಕ್ಕಳನ್ನು ಆಟಕ್ಕೆ ಬಿಡದೆ ಪಿ.ಎಸ್.ಸಿ. ಪರೀಕ್ಷೆಗೆ ಕೂರಿಸುತ್ತಾರೆ ಎಂದು ಸಭೆಗಳಲ್ಲಿ ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತನೆಯ ತರಗತಿಯಲ್ಲಿ ಆಟಕ್ಕೆ ಗ್ರೇಸ್ ಮಾರ್ಕು ಸಿಗುವ ತನಕ ಅವರು ಸಂತೋಷದಿಂದ ಕಳುಹಿಸುತ್ತಾರೆ. ಪ್ಲಸ್ ಟು ಮುಗಿಯುತ್ತಲೇ ಬ್ಯಾಟು ಅಟ್ಟ ಸೇರುತ್ತದೆ, ಏಕೆಂದರೆ ಮುಂದಿನ ಮೆಟ್ಟಿಲು ಅವರಿಗೆ ಕಾಣಿಸುವುದಿಲ್ಲ. ಇಲ್ಲದ ಮೆಟ್ಟಿಲನ್ನು ಕಾಣಲಿಲ್ಲವೆಂದು ದೂರುವುದು ಯಾವ ನ್ಯಾಯ?

ಪದಕ ಗೆದ್ದು ಬಂದವರಿಗೆ ಕೋಟಿಗಟ್ಟಲೆ ಘೋಷಿಸುವ ಸರಕಾರಗಳೂ ಟೆನ್ನಿಸ್ ಸಂಘಗಳೂ ಆ ಹಣದಲ್ಲೊಂದಂಶವನ್ನು ಸಣ್ಣ ಕೂಟಗಳಿಗೆ ಎತ್ತಿಡಲಿ. ದಿಲ್ಲಿ, ಬೆಂಗಳೂರುಗಳಲ್ಲೇ ಆಗಬೇಕೆಂದಿಲ್ಲ. ಮಂಗಳೂರಿನಲ್ಲೊಂದು, ಕೋಝಿಕ್ಕೋಡಿನಲ್ಲೊಂದು ನಡೆದರೆ ನಮ್ಮ ಕಡೆಯ ಹುಡುಗ ಬೆಳಗ್ಗಿನ ರೈಲು ಹತ್ತಿ ಹೋಗಿ ಆಡಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಮೊದಲ ಸುತ್ತಿನಲ್ಲೇ ಸೋತರೂ ತಂದೆಯ ಕೈಬಿಡುವುದು ರೈಲಿನ ಟಿಕೇಟಿನ ಹಣ ಮಾತ್ರ. ಮುಂದಿನ ವಾರ ಮತ್ತೆ ಹೋಗಲು ಆತ ತಕರಾರು ಮಾಡಲಾರ.