ಮಾರ್ಚ್ 31ರ ರಾತ್ರಿ ಸ್ಟಾಕ್ ಎಣಿಸೋರು ಯಾರು?

"ಅಂಗಡಿ ಲೆಕ್ಕದ ವರ್ಷವನ್ನ ಇನ್ಮೇಲೆ ನಾವೇ ಆರಿಸಿಕೋಬಹುದಂತೆ, ಹೌದಾ ಸ್ವಾಮಿ?" ಕೊಳ್ಳೇಗಾಲ, ಯಳಂದೂರಿನ ಅಂಗಡಿ ಬೀದಿಗಳಲ್ಲಿ ಈ ಮಾತು ಕಿವಿಗೆ ಬೀಳುತ್ತಿದೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಎರಡೂ ಹೋಗಿ 'ತೆರಿಗೆ ವರ್ಷ' ಎಂಬ ಒಂದೇ ಹೆಸರು ಬಂದದ್ದೇ ಈ ಗುಲ್ಲಿಗೆ ಕಾರಣ. ಹೆಸರು ಬದಲಾಗಿದೆ, ತಾರೀಖು ಬದಲಾಗಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31, ಅಷ್ಟೆ.

ಆರಿಸಿಕೊಳ್ಳುವ ಕಾಲವೂ ಇತ್ತು. ಕೊಳ್ಳೇಗಾಲ ಇನ್ನೂ ಮೈಸೂರು ಜಿಲ್ಲೆಯಲ್ಲಿದ್ದಾಗಿನ ಮಾತು. ದೀಪಾವಳಿಯಿಂದ ದೀಪಾವಳಿಗೆ ಪುಸ್ತಕ ಇಡಿ, ಯುಗಾದಿಯಿಂದ ಯುಗಾದಿಗೆ ಇಡಿ, ಇನ್‌ಕಂ ಟ್ಯಾಕ್ಸ್‌ನವರು ಒಪ್ಪುತ್ತಿದ್ದರು. ಒಮ್ಮೆ ಹಿಡಿದ ವರ್ಷ ಬಿಡಬೇಕಾದರೆ ಮಾತ್ರ ಅಧಿಕಾರಿಯ ಅಪ್ಪಣೆ ಬೇಕಿತ್ತು. 1987ರಲ್ಲಿ ತಿದ್ದುಪಡಿಯಾಯಿತು, 1989ರ ಮಾರ್ಚ್ 31ಕ್ಕೆ ಎಲ್ಲರ ಪುಸ್ತಕವೂ ಒಂದೇ ದಿನ ಮುಚ್ಚಿತು. ದೀಪಾವಳಿ ಲೆಕ್ಕದವರಿಗೆ ಆ ಒಂದು 'ವರ್ಷ' 17 ತಿಂಗಳಿಗೂ ಮೇಲಾಯಿತು! ಒಂದೊಂದು ಆದಾಯಕ್ಕೆ ಒಂದೊಂದು ವರ್ಷ ಇಟ್ಟುಕೊಂಡು ತೆರಿಗೆಯನ್ನು ಮುಂದಕ್ಕೆ ತಳ್ಳುತ್ತಿದ್ದ ಚಾಣಾಕ್ಷರಿಗೆ ಇದು ಬೇಕೇ ಇತ್ತು, ಒಪ್ಪೋಣ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಚಿಲ್ಲರೆ ಅಂಗಡಿಯವನ ಪಾಡು.

ಯಾಕೆ ಅಂತೀರಾ? ನಮ್ಮ ಕಡೆ ಮಾರ್ಚ್ ಕೊನೆ ಅಂದರೆ ಎಷ್ಟೋ ವರ್ಷ ಯುಗಾದಿ ವ್ಯಾಪಾರದ ಹೊತ್ತು. ಮಾದಪ್ಪನ ಬೆಟ್ಟದ ಜಾತ್ರೆಗೆ ಮೈಸೂರು ಕಡೆಯಿಂದ ಹೋಗೋ ಜನವೆಲ್ಲ ಕೊಳ್ಳೇಗಾಲ, ಹನೂರು ಹಾದೇ ಹೋಗಬೇಕು. 2025ರಲ್ಲಿ ಏನಾಯಿತು ನೋಡಿ: ಮಾರ್ಚ್ 30 ಯುಗಾದಿ, 31 ಹೊಸತೊಡಕು, ಅದೇ ದಿನ ರಂಜಾನ್ ಹಬ್ಬ, ಅದೇ ದಿನ ಲೆಕ್ಕದ ವರ್ಷದ ಕೊನೆ. ಬಟ್ಟೆ ಅಂಗಡಿಯವನು ಸೀರೆ ಬಿಚ್ಚಿ ತೋರಿಸಲೋ, ಸ್ಟಾಕ್ ಎಣಿಸಲೋ? ಎಣಿಸದೆ ಅಂದಾಜಿಗೆ ಬರೆದರೆ ಲಾಭವೂ ಅಂದಾಜೇ. ನಾಳೆ ನೋಟಿಸು ಬಂದರೆ ಉತ್ತರ ಹೇಳಬೇಕಾದವನು ಅವನೇ. ವಹಿವಾಟಿನ ಮೇಲೆ 8 ಅಥವಾ 6 ಪರ್ಸೆಂಟ್ ಲಾಭ ಎಂದು ಒಪ್ಪಿ ಕಟ್ಟುವ ಸಣ್ಣವರಿಗೆ ಇಷ್ಟು ಕಾಟವಿಲ್ಲ. ಉಳಿದವರು ಹಬ್ಬಕ್ಕೆ ವಾರ ಮೊದಲೇ ಎಣಿಸಿ, ಆಮೇಲೆ ಬಂದ ಸರಕು ಕೂಡಿ, ಮಾರಿದ್ದನ್ನು ಅಸಲಿನಲ್ಲಿ ಕಳೆದು 31ಕ್ಕೆ ತಂದು ನಿಲ್ಲಿಸಲಿ. ಆ ಚೀಟಿಗಳನ್ನು ಮಾತ್ರ ಎಸೆಯಬೇಡಿ.

ನಮ್ಮ ಕೈಲಿ ಇನ್ನೂ ಉಳಿದಿರೋದು ಎರಡು. ಹೊಸ ಅಂಗಡಿಯ ಮೊದಲ ತೆರಿಗೆ ವರ್ಷ ವ್ಯಾಪಾರ ಶುರುವಾದ ದಿನದಿಂದ. ಮಾರ್ಚ್ 10ಕ್ಕೆ ಬಾಗಿಲು ತೆಗೆದರೆ ಮೂರೇ ವಾರಕ್ಕೆ ಒಂದು ವರ್ಷ ಮುಗಿಯಿತು. ಮುಹೂರ್ತ ಕೇಳುವಾಗ ಆಡಿಟರನ್ನೂ ಒಂದು ಮಾತು ಕೇಳಿ. ಇನ್ನೊಂದು ಜಿಎಸ್‌ಟಿ ಕಾಂಪೊಸಿಷನ್. 1.5 ಕೋಟಿವರೆಗಿನ ವ್ಯಾಪಾರಿ ತೆರಿಗೆ ಬೀಳುವ ವಹಿವಾಟಿನ ಮೇಲೆ 1 ಪರ್ಸೆಂಟ್ ಕೈಯಿಂದ ಕಟ್ಟಿದರಾಯಿತು, ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಗಡಿ ದಾಟಿಸಿ ತಮಿಳುನಾಡಿಗೆ ಸರಕು ಕಳಿಸುವವರಿಗೆ ಈ ದಾರಿ ಇಲ್ಲ. ಮಾಮೂಲಿ ನೋಂದಣಿಯಲ್ಲಿರುವವರು ಇದಕ್ಕೆ ಬರಬೇಕಾದರೆ ವರ್ಷ ಶುರುವಾಗೋ ಮೊದಲೇ, ಅಂದರೆ ಮತ್ತದೇ ಮಾರ್ಚ್ 31ರೊಳಗೆ ಅರ್ಜಿ ಹಾಕಬೇಕು. ಒಂದು ದಿನ ತಪ್ಪಿದರೆ ಇಡೀ ವರ್ಷ ಕಾಯಬೇಕು.

ಹಬ್ಬವನ್ನು ಸರ್ಕಾರ ಮುಂದೂಡಲಾಗದು, ತಾರೀಖನ್ನು ಮುಂದೂಡುವ ಮನಸ್ಸೂ ಕಾಣೆ. ವಾಣಿಜ್ಯ ತೆರಿಗೆ ಇಲಾಖೆಯವರು ಫೆಬ್ರವರಿಯಲ್ಲೇ ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಒಂದೊಂದು ದಿನ ಕೂತು ಈ ಅರ್ಜಿ ತುಂಬಿಸಿಕೊಡಲಿ. ಸಂತೆ ದಿನ ಮಾತ್ರ ಬೇಡ. ಅವತ್ತು ತಕ್ಕಡಿ ಬಿಟ್ಟು ಯಾರೂ ಬರೋದಿಲ್ಲ.